ಸಬ್‌ವೂಫರ್ ಒಂದನ್ನೇ ಬದಲಿಸಿದರೆ ಸಾಕೇ?

ಪ್ರಶ್ನೆ: ಕಾರಿನೊಂದಿಗೇ ಬಂದ ಸಬ್‌ವೂಫರ್ (ತಗ್ಗಿನ ಸ್ವರಗಳನ್ನು ನುಡಿಸುವ ಸ್ಪೀಕರ್) ಧ್ವನಿ ಏರಿಸಿದರೆ ಗೊರಗೊರ ಎನ್ನುತ್ತದೆ. ಕೈಯಲ್ಲಿ ಹಣ ಕಡಿಮೆ. ಸ್ಪೀಕರ್ ಮಾತ್ರ ಬದಲಿಸಲೇ, ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರನ್ನೂ ಬದಲಿಸಬೇಕೇ?

ಉತ್ತರ: ಆತುರಪಟ್ಟು ಸ್ಪೀಕರ್ ಕೊಳ್ಳಬೇಡಿ. ತಯಾರಕರು ಕೂರಿಸಿದ ಸಬ್‌ವೂಫರ್ ಅನೇಕ ಕಾರುಗಳಲ್ಲಿ 2 ಓಮ್‌ನದು (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಹಳೆಯ ಆಂಪ್ಲಿಫೈಯರ್‌ಗೆ 4 ಓಮ್‌ನ ಹೊಸದನ್ನು ಜೋಡಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ದುಡ್ಡು ಕೊಟ್ಟು ಸದ್ದು ಕಳೆದುಕೊಂಡಂತಾಯಿತು! ಮೊದಲು ಹಳೆಯ ಸ್ಪೀಕರ್‌ನ ತಂತಿ ಕಳಚಿ, ಅದು ಎಷ್ಟು ಓಮ್ ಎಂದು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ನಮೂದಿಸಿದ್ದಕ್ಕಿಂತ ತುಸು ಕಡಿಮೆ ತೋರಿಸುವುದು ಸಹಜ.

ನನ್ನನ್ನು ಕೇಳಿದರೆ, ಒಳಗೇ ಆಂಪ್ಲಿಫೈಯರ್ ಇರುವ, ಸೀಟಿನಡಿ ಹಿಡಿಸುವ ಸಬ್‌ವೂಫರ್ ಕೊಳ್ಳಿ. ಸ್ಪೀಕರ್ ತಂತಿಯಿಂದಲೇ ಸಂಕೇತ ಪಡೆಯುವಂಥದ್ದಾದರೆ ಸ್ಟೀರಿಯೊ ಮುಟ್ಟಬೇಕಾಗಿಲ್ಲ. ಎದೆ ನಡುಗಿಸುವ ಸದ್ದು ಅದರಿಂದ ಬರದು, ಆದರೆ ತಬಲಾದ ಎಡಗೈ ನಾದ ಸ್ಪಷ್ಟವಾಗಿ ಕೇಳುತ್ತದೆ. ಪೆಟ್ಟಿಗೆಯ ಮೇಲಿನ ದಪ್ಪಕ್ಷರದ ವಾಟ್‌ಗೆ ಮರುಳಾಗದೆ ಮೂಲೆಯಲ್ಲಿರುವ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಅಂಕಿ ನೋಡಿ. ಶಕ್ತಿ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ.

ತಂತಿಯಲ್ಲಿ ಮಾತ್ರ ಜಿಪುಣತನ ಬೇಡ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬಿಟ್ಟು ಅಪ್ಪಟ ತಾಮ್ರದ್ದನ್ನೇ ತನ್ನಿ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ತಂತಿ ಉಜ್ಜಿ ಲೋಹಕ್ಕೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೇ. ಅರ್ಥ್ ತಂತಿ ಬಿಗಿಯುವಲ್ಲಿ ಬಣ್ಣ ಕೆರೆದು ಬರಿಯ ಲೋಹ ಕಾಣಿಸಿ. ತಗ್ಗಿನ ಸ್ವರಗಳನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ನಲ್ಲಿಟ್ಟು ಕೇಳುತ್ತ ಹೊಂದಿಸಿಕೊಳ್ಳಿ.

ಇಷ್ಟಕ್ಕೂ ಮುನ್ನ ಹಾಡು ಹಾಕಿ ಹಿಂದಿನ ನಂಬರ್ ಪ್ಲೇಟನ್ನು ಅಂಗೈಯಲ್ಲಿ ಒತ್ತಿ ಹಿಡಿಯಿರಿ. ಗೊರಗೊರ ನಿಂತರೆ ಪ್ಲೇಟಿನ ಹಿಂದೆ ಒಂದು ತುಂಡು ಫೋಮ್ ಅಂಟಿಸಿದರೆ ಸಾಕು.