ಓದುಗರ ಪ್ರಶ್ನೆ: ಫರೋಗಳಿಗೂ ಹಿಂದಿನ ಮಡಕೆಗಳು

ಪ್ರಶ್ನೆ: ಪಿರಮಿಡ್ಡುಗಳು ಏಳುವುದಕ್ಕೆ ಬಹಳ ಮೊದಲೇ ಈಜಿಪ್ಟಿನಲ್ಲಿ ಬಹು ಸುಂದರವಾದ ಮಡಕೆಗಳನ್ನು ಮಾಡುತ್ತಿದ್ದರೆಂದು ಓದಿದ್ದೇನೆ. ಅವನ್ನು ಮಾಡಿದವರು ಯಾರು? ಮೈಯೆಲ್ಲ ಕೆಂಪಾಗಿದ್ದು ಬಾಯಿಯ ಸುತ್ತ ಮಾತ್ರ ಕಪ್ಪಾಗಿರುವುದು ಹೇಗೆ?

ಉತ್ತರ: ನೈಲ್ ನದಿಯ ದಡದಲ್ಲಿ ಬೇಸಾಯ ಮಾಡುತ್ತ, ದನ ಕುರಿಗಳನ್ನು ಸಾಕುತ್ತ ಬದುಕಿದ ಹಳ್ಳಿಗರು ಅವರು. ದಕ್ಷಿಣ ಈಜಿಪ್ಟಿನಲ್ಲಿ ದೊರೆತಿರುವ ಇಂಥ ಪಾತ್ರೆಗಳಲ್ಲಿ ಹಳೆಯವು ಬದಾರಿ ಸಂಸ್ಕೃತಿಯವು. ಅದರ ಕಾಲ ಸುಮಾರು ಕ್ರಿ.ಪೂ. 4400ರಿಂದ 4000. ಆಮೇಲೆ ಬಂದದ್ದು ನಕಾದಾ ಸಂಸ್ಕೃತಿ. ಕ್ರಿ.ಪೂ. 3000ರ ಹೊತ್ತಿಗೆ ಇಡೀ ದೇಶ ಒಬ್ಬ ಅರಸನ ಕೈಕೆಳಗೆ ಬರುವವರೆಗೂ ಅದು ಬೆಳೆಯುತ್ತ ಹೋಯಿತು. ಬದಾರಿಯವರ ಬೋಗುಣಿಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಮೈಮೇಲೆ ಬಾಚಣಿಗೆಯಿಂದ ಎಳೆದಂಥ ಸಣ್ಣ ಸಣ್ಣ ಅಲೆಗಳು ಕಾಣಿಸುತ್ತವೆ. ಅದರ ಗೋಡೆ ಎಷ್ಟು ತೆಳುವೆಂದರೆ, ತಿಗುರಿಯ ನೆರವಿಲ್ಲದೆ ಕೈಯಲ್ಲೇ ತಟ್ಟಿ, ಒತ್ತಿ ಇದನ್ನು ಮಾಡಿದರೆಂದು ನಂಬುವುದೇ ಕಷ್ಟ. ಮುಂದಿನ ಸಾವಿರಾರು ವರ್ಷಗಳಲ್ಲಿ ಈಜಿಪ್ಟಿನ ಕುಂಬಾರರು ಇಷ್ಟು ತೆಳುವಾದ ಕೈಕೆಲಸವನ್ನು ಮಾಡಿದ್ದು ಅಪರೂಪವೆಂದೇ ನನ್ನ ಅಭಿಪ್ರಾಯ.

ಎರಡು ಬಣ್ಣಕ್ಕೆ ಕಾರಣ ಬೆಂಕಿ ಮತ್ತು ಗಾಳಿ. ನೈಲ್ ನದಿಯ ಮೆಕ್ಕಲು ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ. ಅದಕ್ಕೆ ಕೆಮ್ಮಣ್ಣಿನ ತೆಳು ಲೇಪ ಕೊಟ್ಟು, ಒಣಗುತ್ತಿರುವಾಗ ನುಣುಪಾದ ಬೆಣಚುಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಸುಡುವಾಗ ಗಾಳಿ ತಗುಲಿದ ಭಾಗ ಕೆಂಪಾಗುತ್ತದೆ. ಬೂದಿಯಲ್ಲೋ ಹೊಟ್ಟಿನಲ್ಲೋ ಹುದುಗಿ ಗಾಳಿ ಸಿಗದ ಭಾಗಕ್ಕೆ ಹೊಗೆಯ ಇಂಗಾಲ ಇಳಿದು ಕಪ್ಪಾಗುತ್ತದೆ. ಅಂದರೆ ಆ ಕಪ್ಪು ಬಳಿದ ಬಣ್ಣವಲ್ಲ, ಮಣ್ಣಿನೊಳಕ್ಕೇ ಇಳಿದದ್ದು.

ಪ್ರಶ್ನೆ: ಅದು ಬರಹವೇ ಇಲ್ಲದ ಕಾಲ. ಅರಸರ ಹೆಸರಿಲ್ಲ, ವರ್ಷದ ಲೆಕ್ಕವಿಲ್ಲ. ಹಾಗಿದ್ದ ಮೇಲೆ ಯಾವ ಮಡಕೆ ಹಿಂದಿನದು, ಯಾವುದು ಮುಂದಿನದು ಎಂದು ಹೇಗೆ ಗೊತ್ತಾಯಿತು?

ಉತ್ತರ: ಈ ಪ್ರಶ್ನೆಗೆ ಉತ್ತರಿಸುವುದು ನನಗೆ ಬಲು ಇಷ್ಟದ ಕೆಲಸ, ಪುರಾತತ್ತ್ವಶಾಸ್ತ್ರದ ಒಂದು ದೊಡ್ಡ ಉಪಾಯ ಹುಟ್ಟಿದ್ದು ಈ ಮಡಕೆಗಳಿಂದಲೇ. 1894–95ರ ಚಳಿಗಾಲದಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಇಂಗ್ಲಿಷ್ ಪುರಾತತ್ತ್ವಜ್ಞರು ಲಕ್ಸರ್‌ನ ಉತ್ತರಕ್ಕೆ, ನೈಲ್ ನದಿಯ ಪಶ್ಚಿಮ ದಡದಲ್ಲಿರುವ ನಕಾದಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆಸಿದರು. ಮರಳಿನಲ್ಲಿ ತೋಡಿದ ಗುಂಡಿಗಳು, ಮೊಣಕಾಲು ಮಡಚಿ ಮಗ್ಗುಲಾಗಿ ಮಲಗಿಸಿದ ದೇಹ, ಸುತ್ತ ಮಡಕೆಗಳು. ಅವು ತಾವು ಕಂಡಿದ್ದ ಈಜಿಪ್ಟಿನ ಯಾವ ವಸ್ತುವಿಗೂ ಹೋಲದಿದ್ದುದರಿಂದ, ಹೊರಗಿನಿಂದ ಬಂದ ‘ಹೊಸ ಜನಾಂಗ’ವೊಂದರ ಗೋರಿಗಳಿವು ಎಂದು ಪೆಟ್ರಿ ಮೊದಲು ತಪ್ಪಾಗಿ ತಿಳಿದರು. ಇವು ಫರೋಗಳಿಗಿಂತ ಹಿಂದಿನವು ಎಂದು ಸರಿಯಾಗಿ ಗುರುತಿಸಿದವರು ಫ್ರಾನ್ಸಿನ ಜಾಕ್ ದ ಮೋರ್ಗನ್.

ಪೆಟ್ರಿ ತಮ್ಮ ತಪ್ಪನ್ನು ತಿದ್ದಿಕೊಂಡ ಬಗೆ ಮೆಚ್ಚುವಂಥದ್ದು. ಸುಮಾರು 900 ಸಮಾಧಿಗಳನ್ನು ಆರಿಸಿ, ಒಂದೊಂದಕ್ಕೂ ಒಂದು ರಟ್ಟಿನ ಪಟ್ಟಿ ಮಾಡಿ, ಆ ಗುಂಡಿಯಲ್ಲಿ ಯಾವ ಯಾವ ಬಗೆಯ ಮಡಕೆ ಇತ್ತೆಂದು ಅದರಲ್ಲಿ ಬರೆದು, ಒಂದೇ ತರಹದ ಮಡಕೆಗಳು ಒಂದರ ಪಕ್ಕ ಒಂದು ಬರುವವರೆಗೆ ಆ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸುತ್ತ ಹೋದರು. ಅವರಿಗೆ ದಾರಿ ತೋರಿಸಿದ್ದು ಅಲೆಹಿಡಿಯ ಗಡಿಗೆ. ಮೊದಲಿನ ಗಡಿಗೆಗಳಿಗೆ ಗುಂಡನೆಯ ಹೊಟ್ಟೆ, ಕೈಯಲ್ಲಿ ಹಿಡಿದೆತ್ತಬಹುದಾದ ಅಲೆಯಾಕಾರದ ಹಿಡಿ. ಬರಬರುತ್ತ ಹೊಟ್ಟೆ ಸಪೂರವಾಯಿತು, ಹಿಡಿ ಕಿರಿದಾಯಿತು. ಕೊನೆಗೆ ಉದ್ದನೆಯ ಕೊಳವೆಯಂಥ ಪಾತ್ರೆಯ ಕೊರಳಿನಲ್ಲಿ ಒಂದು ಅಲೆಗೆರೆ ಮಾತ್ರ ಉಳಿಯಿತು. ಒಳಗಿನ ಪದಾರ್ಥವೂ ಹಾಗೆಯೇ ಬದಲಾಯಿತು: ಮೊದಲಿನವುಗಳಲ್ಲಿ ಸುವಾಸನೆಯ ಕೊಬ್ಬು ಇರುತ್ತಿತ್ತು, ಕೊನೆಯವುಗಳಲ್ಲಿ ಬರೀ ಮಣ್ಣು. ಹೀಗೆ ಸಿಕ್ಕಿದ ಸಾಲಿಗೆ ಪೆಟ್ರಿ 30ರಿಂದ 80ರವರೆಗೆ ಸಂಖ್ಯೆ ಕೊಟ್ಟರು. ಇದಕ್ಕಿಂತ ಹಳೆಯದು ಮುಂದೊಮ್ಮೆ ಸಿಕ್ಕೀತು ಎಂದು ಮೊದಲ 29 ಸಂಖ್ಯೆಗಳನ್ನು ಖಾಲಿ ಬಿಟ್ಟಿದ್ದರು. 1920ರ ದಶಕದಲ್ಲಿ ಬದಾರಿ ಸಂಸ್ಕೃತಿ ಬೆಳಕಿಗೆ ಬಂದಾಗ ಅದನ್ನು ಕೂರಿಸಲು ಜಾಗ ಸಿದ್ಧವಾಗಿಯೇ ಇತ್ತು! ಸಾಲಿನ ವಿವರಗಳನ್ನು ಮುಂದೆ, ಮುಖ್ಯವಾಗಿ 1957ರಲ್ಲಿ ವೆರ್ನರ್ ಕೈಸರ್ ಅವರು, ತಿದ್ದಿದರು.

ಇಲ್ಲಿ ಒಂದನ್ನು ಗಮನಿಸಬೇಕು. ಈ ಕಾಲಕ್ರಮವೆಲ್ಲ ನಿಂತಿರುವುದು ‘ಯಾವ ಮಡಕೆಯ ಜೊತೆಗೆ ಯಾವ ಮಡಕೆ ಇತ್ತು’ ಎಂಬ ಒಂದೇ ಸಂಗತಿಯ ಮೇಲೆ. ಅಗೆದವರು ಅದನ್ನು ಬರೆದಿಡದೆ ಹೋಗಿದ್ದರೆ ಇಂದು ನಮಗೆ ಯಾವ ಸಾಲೂ ಇರುತ್ತಿರಲಿಲ್ಲ.

ಪ್ರಶ್ನೆ: ಕಪ್ಪು ಬಾಯಿಯ ಕೆಂಪು ಹೂಜಿಯೊಂದು ‘ನಕಾದಾ ಕಾಲದ್ದು, ಹಳೆಯ ಖಾಸಗಿ ಸಂಗ್ರಹದಿಂದ’ ಎಂಬ ವಿವರದೊಡನೆ ಹರಾಜಿಗೆ ಬಂದಿದೆ. ಸಂಗ್ರಹದ ಹವ್ಯಾಸವಿರುವ ನಾನು ಇದನ್ನು ಕೊಳ್ಳಬಹುದೇ?

ಉತ್ತರ: ‘ಹಳೆಯ ಖಾಸಗಿ ಸಂಗ್ರಹ’ ಎಂಬ ಮಾತನ್ನು ಮಾತ್ರ ನಂಬಿ ಖಂಡಿತ ಕೊಳ್ಳಬೇಡಿ. ಈಜಿಪ್ಟಿನಲ್ಲಿ 1983ರ 117ನೆಯ ಕಾಯಿದೆ ಪ್ರಾಚ್ಯವಸ್ತುಗಳ ವ್ಯಾಪಾರವನ್ನು ನಿಲ್ಲಿಸಿತು. ಅವು ಸರ್ಕಾರದ ಸೊತ್ತಾದವು. ಅದಕ್ಕೆ ಹಿಂದೆ ಪರವಾನಗಿ ಪಡೆದ ವ್ಯಾಪಾರಿಗಳಿದ್ದರು, ಕೈರೋದ ವಸ್ತುಸಂಗ್ರಹಾಲಯದಲ್ಲೇ ಮಾರಾಟದ ಕೋಣೆಯೊಂದಿತ್ತು, ಉತ್ಖನನಕ್ಕೆ ಹಣ ಕೊಟ್ಟ ವಿದೇಶಿ ಸಂಸ್ಥೆಗಳಿಗೆ ದೊರೆತದ್ದರಲ್ಲಿ ಪಾಲು ಸಿಗುತ್ತಿತ್ತು. ಆದ್ದರಿಂದ ನ್ಯಾಯವಾಗಿ ಹೊರದೇಶ ಸೇರಿದ ಮಡಕೆಗಳೂ ಸಾಕಷ್ಟಿವೆ. ಆದರೆ ಹಾಗೆ ಸೇರಿತೆಂಬುದಕ್ಕೆ ಹಳೆಯ ರಸೀದಿ, ರಫ್ತಿನ ಪರವಾನಗಿ, ದಿನಾಂಕವಿರುವ ಛಾಯಾಚಿತ್ರ, ಹರಾಜಿನ ಹಳೆಯ ಪಟ್ಟಿ ಇವುಗಳಲ್ಲಿ ಏನಾದರೂ ಇರಬೇಕು. ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಮಡಕೆಯ ಮೈಮೇಲೆಯೇ ಇರಬಹುದು: ಪೆಟ್ರಿಯವರಂಥ ಉತ್ಖನನಕಾರರು ಸಮಾಧಿಯ ಸಂಖ್ಯೆಯನ್ನು ಪಾತ್ರೆಯ ಮೇಲೆ ಬರೆಯುತ್ತಿದ್ದರು. ಮೂರೋ ನಾಲ್ಕೋ ಅಂಕಿಗಳ ಆ ಮಸುಕು ಬರಹದಿಂದ ಮಡಕೆಯನ್ನು ಅದರ ಗುಂಡಿಗೆ, ಅಲ್ಲಿ ಜೊತೆಗಿದ್ದ ಇತರ ವಸ್ತುಗಳಿಗೆ ಮತ್ತೆ ಹೊಂದಿಸಲು ಸಾಧ್ಯವಿದೆ.

ದಾಖಲೆಯಿಲ್ಲದ ಮಡಕೆಯನ್ನು ಕೊಂಡರೆ ಕಾನೂನಿನ ತೊಡಕಷ್ಟೇ ಅಲ್ಲ, ಬೇರೊಂದು ಹಾನಿಯೂ ಇದೆ. ಈ ಕಾಲದ ದೊಡ್ಡ ಸ್ಮಶಾನವೊಂದಿರುವ ಅಬುಸಿರ್ ಎಲ್-ಮೆಲೆಕ್‌ನಲ್ಲಿ 2011ರ ನಂತರ ಕಳ್ಳರು ತೋಡಿದ ಗುಂಡಿಗಳು ಎಲ್ಲೆಂದರಲ್ಲಿ ಬಾಯಿ ತೆರೆದು ನಿಂತವು. ಬೆಲೆ ಬಾಳದ ಮೂಳೆಗಳನ್ನು ಅಲ್ಲೇ ಚೆಲ್ಲಿ ಹೋಗಿದ್ದರು. ಕೊಳ್ಳುವವರಿರುವುದರಿಂದಲೇ ಅಗೆಯುವವರಿದ್ದಾರೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ಬರೆಯದೆ ಇರಲಾರೆ.

ಪ್ರಶ್ನೆ: ದೋಣಿ, ಪಕ್ಷಿ, ಕೈ ಮೇಲೆತ್ತಿದ ಹೆಂಗಸರ ಚಿತ್ರಗಳಿರುವ ಮಡಕೆಗಳಲ್ಲಿ ನಕಲಿಗಳು ಹೆಚ್ಚಂತೆ. ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿಯುವುದಿಲ್ಲವೇ?

ಉತ್ತರ: ಅರ್ಧ ಮಾತ್ರ ತಿಳಿಯುತ್ತದೆ. ಉಷ್ಣದೀಪ್ತಿ ಪರೀಕ್ಷೆ ಹೇಳುವುದು ಮಡಕೆಯನ್ನು ಸುಟ್ಟ ಕಾಲವನ್ನು, ಚಿತ್ರ ಬರೆದ ಕಾಲವನ್ನಲ್ಲ. ಮೋಸಗಾರರು ಚಿತ್ರವಿಲ್ಲದ ಅಸಲಿ ಹಳೆಯ ಮಡಕೆಯನ್ನೇ ತಂದು, ಹೆಚ್ಚು ಬೆಲೆ ಬರಲೆಂದು ಅದರ ಮೇಲೆ ಹೊಸದಾಗಿ ದೋಣಿಗಳನ್ನು ಬರೆದದ್ದುಂಟು. ಇಂಥ ಮಡಕೆ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಅದಕ್ಕಿಂತ ಭೂತಗನ್ನಡಿಯಿಂದ ನೋಡುವುದು ಲೇಸು. ಅಸಲಿ ಚಿತ್ರದಲ್ಲಿ ಕಡುಗೆಂಪು ಗೆರೆಯನ್ನು ಸುಡುವ ಮೊದಲೇ ಎಳೆದಿರುತ್ತಾರೆ. ಅದು ಮಣ್ಣಿಗೆ ಕಚ್ಚಿಕೊಂಡಿರುತ್ತದೆ, ಮೇಲ್ಮೈ ಗೀಚಿದ ಕಡೆ ಗೆರೆಯೂ ಕಡಿದಿರುತ್ತದೆ. ಹಳೆಯ ಗೀಚಿನೊಳಕ್ಕೆ ಬಣ್ಣ ಇಳಿದಿದ್ದರೆ, ಅಥವಾ ಉಪ್ಪಿನ ಹಕ್ಕಳೆಯ ಮೇಲೆ ಗೆರೆ ಹಾದುಹೋಗಿದ್ದರೆ, ಆ ಚಿತ್ರ ಇತ್ತೀಚಿನದು.

ಪ್ರಶ್ನೆ: ಕುಟುಂಬದಲ್ಲಿ ಬಹಳ ಹಿಂದಿನಿಂದ ಇರುವ ಈಜಿಪ್ಟಿನ ಸಣ್ಣ ಕುಡಿಕೆಯ ಮೇಲೆ ಬಿಳಿಯ ಪುಡಿ ಏಳುತ್ತಿದೆ. ತೊಳೆಯಬಹುದೇ?

ಉತ್ತರ: ತೊಳೆಯಬೇಡಿ. ಅದು ಮರಳಿನಲ್ಲಿದ್ದಾಗ ಮಣ್ಣು ಹೀರಿಕೊಂಡ ಉಪ್ಪು. ಗಾಳಿಯ ತೇವ ಏರಿಳಿದಂತೆಲ್ಲ ಕರಗಿ, ಮತ್ತೆ ಹರಳುಗಟ್ಟಿ ಹೊರಗೆ ಬರುತ್ತದೆ, ಬರುವಾಗ ಮೇಲ್ಮೈಯನ್ನು ಚಕ್ಕೆ ಎಬ್ಬಿಸುತ್ತದೆ. ಉಪ್ಪನ್ನು ತೆಗೆಯುವುದು ಸಂರಕ್ಷಣಾ ತಜ್ಞರ ಕೆಲಸ. ಅವರಿಗೆ ತೋರಿಸುವವರೆಗೆ ಕುಡಿಕೆಯನ್ನು ತೇವ ಹೆಚ್ಚುಕಡಿಮೆಯಾಗದ ಜಾಗದಲ್ಲಿ, ಬಿಸಿಲು ತಾಗದಂತೆ ಇಡಿ. ತಳದಲ್ಲೋ ಹೊಟ್ಟೆಯ ಮೇಲೋ ಪೆನ್ಸಿಲಿನಲ್ಲಾಗಲಿ ಮಸಿಯಲ್ಲಾಗಲಿ ಬರೆದ ಅಂಕಿಗಳಿವೆಯೇ ಎಂದು ಈಗಲೇ ನೋಡಿ, ಇದ್ದರೆ ಒರೆಸದೆ ಅದರ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ.