ಪ್ರತಿಕ್ರಿಯೆ: ಸೆದೇನ್ ನಿಜಕ್ಕೂ ಕಲ್ಲುಕುಟಿಗನಾಗಿದ್ದನಾ?

ಹೌದು, ನೀವು ಕೇಳಿದ್ದು ಕಟ್ಟುಕಥೆಯಲ್ಲ. ಫ್ರೆಂಚ್ ನಾಟಕಕಾರ ಮಿಶೆಲ್ ಜಾಂ ಸೆದೇನ್ ಹುಟ್ಟಿದ್ದು 1719ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆಯವರನ್ನು ಸಾಕಲು ಕಲ್ಲು ಕೆತ್ತುವ ಕೆಲಸಕ್ಕೆ ಇಳಿದ. ಬಿಡುವಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ ಇವನನ್ನು ಬ್ಯೂರೋನ್ ಎಂಬ ವಾಸ್ತುಶಿಲ್ಪಿ ಗಮನಿಸಿ ಕೈಹಿಡಿದ. ಆ ಬ್ಯೂರೋನ್‌ನ ಮೊಮ್ಮಗನೇ ಚಿತ್ರಕಾರ ದಾವೀದ್. ಮುಂದೆ ಆ ಹುಡುಗನಿಗೆ ಸೆದೇನ್ ನೆರವಾಗಿ ಋಣ ತೀರಿಸಿದ.

ಯಾವುದರಿಂದ ಓದಲು ಶುರುಮಾಡಲಿ ಅಂದಿರಲ್ಲ, 1765ರ ‘ತನಗೇ ಅರಿಯದ ತತ್ವಜ್ಞಾನಿ’ ನಾಟಕ ತಗೊಳ್ಳಿ. ಮಗಳ ಮದುವೆಯ ದಿನವೇ ಮಗ ದ್ವಂದ್ವಯುದ್ಧಕ್ಕೆ ಹೊರಡುತ್ತಾನೆ. ಕಾರಣ? ವ್ಯಾಪಾರಿಗಳನ್ನು ಒಬ್ಬ ಅಧಿಕಾರಿ ಹೀಯಾಳಿಸಿದ್ದ. ಅಪ್ಪನೋ ವ್ಯಾಪಾರಿ! ಮನೆ ತುಂಬಾ ನೆಂಟರು, ಒಳಗೊಳಗೇ ಅಪ್ಪನ ಸಂಕಟ. ಅಪ್ಪ ಮಗನನ್ನು ತಡೆಯದೆ ಕಳಿಸುವುದು ಸೆನ್ಸಾರ್‌ನವರಿಗೆ ಹಿಡಿಸಲಿಲ್ಲ, ತಿದ್ದಿಸಿದರು. ಆ ಕಾಲದ ಫ್ರೆಂಚ್ ಚಿಂತಕ ದಿದರೋಗೆ ನಾಟಕ ತುಂಬಾ ಹಿಡಿಸಿತ್ತು. ನನಗೂ ಅಷ್ಟೇ, ಮಾತು ಎಲ್ಲೂ ಭಾಷಣ ಅನ್ನಿಸಲ್ಲ.

ಉಳಿದದ್ದು ಜಾಸ್ತಿ ಸಂಗೀತ ನಾಟಕ. 1784ರ ‘ಸಿಂಹಹೃದಯಿ ರಿಚರ್ಡ್’ಗೆ ಸಂಗೀತ ಗ್ರೆತ್ರಿಯದು. ಫ್ರೆಂಚ್ ಕ್ರಾಂತಿಯ ವೇಳೆ, 1789ರ ಅಕ್ಟೋಬರ್ 1ರಂದು ವರ್ಸೈ ಅರಮನೆಯ ಔತಣದಲ್ಲಿ ರಾಜನ ಕಡೆಯವರು ಹಾಡಿ ಗಲಾಟೆಗೆ ಕಾರಣವಾದದ್ದು ಇದರದ್ದೇ ಹಾಡು. ಸೆದೇನ್ ತೀರಿಕೊಂಡದ್ದು 1797ರಲ್ಲಿ.