ಪಿಎಚ್‌ಡಿ ಸೇರುವ ಮುನ್ನ ಕೇಳಿದ್ದೀರಿ, ಹೇಳುತ್ತೇನೆ

ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಆದರೆ ಸುತ್ತಲಿನವರೆಲ್ಲ ಹೆದರಿಸುತ್ತಿದ್ದಾರೆ, ನಿಜಕ್ಕೂ ಅಷ್ಟು ಕಷ್ಟವೇ ಎಂದು ಕೇಳಿದ್ದೀರಿ. ಕಷ್ಟವಿದೆ. ಆದರೆ ಅದು ಓದಿನದಲ್ಲ, ದುಡ್ಡು ಮತ್ತು ಕಾಲದ್ದು.

ನಾನು ಕಾಸರಗೋಡಿನವಳು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಪ್ರಸಂಗಗಳ, ಅಂದರೆ ಆಡುವ ಕಥೆಗಳ ಪದ್ಯಪಠ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದ್ದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ನೆಟ್ ಫೆಲೋಶಿಪ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ 8,000. ಒಂದೇ ಗ್ರಂಥಾಲಯದ ಒಂದೇ ಮೇಜಿನಲ್ಲಿ ಕುಳಿತವರ ನಡುವೆ ಇಷ್ಟು ಅಂತರವಿರುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರಬಂಧ ಸಲ್ಲಿಸಲು ಆರು ವರ್ಷ ಅವಕಾಶವಿದೆ, ಜೆಆರ್‌ಎಫ್ ಹಣ ನಿಲ್ಲುವುದು ಐದಕ್ಕೆ. ಆ ಆರನೆಯ ವರ್ಷಕ್ಕೆ ಈಗಿನಿಂದಲೇ ಸ್ವಲ್ಪ ಎತ್ತಿಡಿ.

ಇನ್ನು ನಗು. ಅದು ಧಾರಾಳವಾಗಿದೆ! ಹಿರಿಯರೊಬ್ಬರು ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿಸಿಟ್ಟಿದ್ದ ಪ್ರಸಂಗಗಳನ್ನು ನನಗೆ ಪ್ರೀತಿಯಿಂದ ಕೊಟ್ಟರು. ಅವನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ಕರ್ಣ ‘ಕಣರ್’ ಆದ, ಧರ್ಮ ‘ಧಮರ್’ ಆಯಿತು. ನನ್ನ ಕೋಣೆಯ ಗೆಳತಿ, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದವಳು. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, “ಎಲೈ ಕಣರನೇ, ಧಮರ್ವನ್ನು ಬಲ್ಲೆಯಾ?” ಎಂದು ಅರ್ಥ, ಅಂದರೆ ಪಾತ್ರದ ಮಾತು, ಹೇಳತೊಡಗಿದಳು. ಪಕ್ಕದ ಕೋಣೆಯವಳು ಎದುರು ಅರ್ಥಧಾರಿಯಾದಳು. ಕನ್ನಡ ಬಾರದ ಮಲಯಾಳಿ ಹುಡುಗಿಯರೂ ಬಾಗಿಲಲ್ಲಿ ನೆರೆದು ಕಣ್ಣೀರು ಬರುವಷ್ಟು ನಕ್ಕರು. ಆ ಪುಟಗಳನ್ನು ಸಾಲು ಸಾಲಾಗಿ ತಿದ್ದುವುದು ಬಹಳ ಬೇಸರದ ಕೆಲಸ. ಕೋಣೆಯ ಗೆಳತಿಯ ದನಿ ಕಿವಿಯಲ್ಲಿದ್ದುದರಿಂದಲೇ ಅದು ಮುಗಿಯಿತು.

ಪ್ರಾಣಿಶಾಸ್ತ್ರದ ಗೆಳತಿಯೊಬ್ಬಳ ವಿಷಯ ಕಪ್ಪೆ. ಅವು ಕೂಗುವುದು ಮಳೆಗಾಲದ ರಾತ್ರಿ, ಆದ್ದರಿಂದ ಎಲ್ಲರೂ ಮಳೆಗೆ ಹೆದರಿ ಒಳಗೆ ಓಡುವಾಗ ಇವಳು ಟಾರ್ಚು ಹಿಡಿದು ಹೊರಗೆ ಓಡುತ್ತಾಳೆ. ಅವಳಿಗೆ ಕೊಡೆ ಹಿಡಿಯಲು ನಾವು ಸರದಿಯಲ್ಲಿ ಹೋಗುತ್ತೇವೆ. ನನ್ನ ಕಚೇರಿ ಪತ್ರ ಮಲಯಾಳದಲ್ಲಿ ಬಂದರೆ ಓದಿ ಹೇಳುವವಳೂ ಅವಳೇ. ಇಂಥವರಿಲ್ಲದೆ ಮೂರನೆಯ ವರ್ಷವನ್ನು ದಾಟುವುದು ನನ್ನಿಂದ ಆಗುತ್ತಿರಲಿಲ್ಲ. ಆ ಹೊತ್ತಿಗೆ ಹೊಸತನ ಕಳೆದಿರುತ್ತದೆ, ಮುಗಿಯುವ ಸೂಚನೆಯೂ ಇರುವುದಿಲ್ಲ.

ಹೆದರಿಸುವವರ ಮಾತು ಬಿಡಿ. ನಿಮ್ಮ ಮಾರ್ಗದರ್ಶಕರ ಬಳಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನು ಹುಡುಕಿ ಹೋಗಿ ಮಾತನಾಡಿ. ಅಧ್ಯಾಯ ಬರೆದು ಕೊಟ್ಟರೆ ಎಷ್ಟು ದಿನಕ್ಕೆ ಓದಿ ಮರಳಿಸುತ್ತಾರೆ ಎಂದು ಕೇಳಿ. ವಾರಗಳಲ್ಲಿ ಉತ್ತರ ಬಂದರೆ ಧೈರ್ಯವಾಗಿ ಸೇರಿ. ತಿಂಗಳುಗಳಲ್ಲಿ ಬಂದರೆ ಬೇರೆ ಮಾರ್ಗದರ್ಶಕರು ಸಿಗುತ್ತಾರೆಯೇ ಎಂದು ಸೇರುವ ಮೊದಲೇ ವಿಚಾರಿಸಿ.